ನಲ್ಲಿ ಹಾಕಿದ ಮೇಲೆ ನೀರು ನಡೆಸುವವರು ಯಾರು?

(ಸಿದ್ಧರಾಮೇಶ್ವರ ಜಯಂತಿಯ ಅಂಗವಾಗಿ ಏರ್ಪಡಿಸಿದ್ದ ಶರಣ ಸಂಗಮದಲ್ಲಿ ನೀಡಿದ ಉಪನ್ಯಾಸ)



ಸಂಘಟಕರು ನನಗೆ ಕೊಟ್ಟ ವಿಷಯ ‘ಅಭಿವೃದ್ಧಿಶೀಲ ರಾಷ್ಟ್ರಗಳ ಸಾಮಾಜಿಕ, ಆರ್ಥಿಕ ಸವಾಲುಗಳು’. ಆಹ್ವಾನ ಪತ್ರಿಕೆ ಓದಿದ ನನ್ನ ಮಗಳು, ‘ಅಪ್ಪಾ, ನಿಮಗೆ ಎಷ್ಟು ದಿನ ಟೈಮ್ ಕೊಟ್ಟಿದ್ದಾರೆ?’ ಅಂದಳು. ಕೊಟ್ಟಿರುವುದು ಮುಕ್ಕಾಲು ಗಂಟೆ. ಬಡತನ, ಸಾಲ, ಶಿಕ್ಷಣ, ಆರೋಗ್ಯ, ಗುಳೆ ಎಂದು ಒಂದೊಂದನ್ನೂ ಮುಟ್ಟಿ ಬಿಟ್ಟರೆ ಯಾರಿಗೂ ಏನೂ ದಕ್ಕುವುದಿಲ್ಲ. ನಾನು ಸಿವಿಲ್ ಎಂಜಿನಿಯರ್. ಮೂವತ್ತಮೂರು ವರ್ಷ ಸರ್ಕಾರಿ ಸೇವೆಯಲ್ಲಿ ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡಿ ನಿವೃತ್ತನಾದವನು. ಅದೊಂದನ್ನೇ ಹಿಡಿದು ಮಾತಾಡುತ್ತೇನೆ. ಬಡ ದೇಶಗಳ ಅಭಿವೃದ್ಧಿ ಎಲ್ಲಿ ಕುಂಟುತ್ತದೆ ಎಂಬುದು ಕುಡಿಯುವ ನೀರಿನಲ್ಲಿ ಕಾಣಿಸಿದಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣಿಸುವುದಿಲ್ಲ ಎಂದು ನನ್ನ ಅಭಿಪ್ರಾಯ.

ಇವತ್ತಿನ ದಿನವೂ ಅದಕ್ಕೆ ಒಪ್ಪುವಂಥದ್ದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿದವರು. ಸೊನ್ನಲಿಗೆ ಎಂದರೆ ಇಂದಿನ ಸೊಲ್ಲಾಪುರ. ಅಲ್ಲಿಗೆ ಹೋದವರು ನೀರಿನ ನಡುವೆ ನಿಂತ ಆ ಗುಡಿಯನ್ನು ನೋಡಿಯೇ ಇರುತ್ತೀರಿ. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಕೆರೆಯ ಕೆಲಸದಲ್ಲಿ ಮುಳುಗಿದ್ದ ಸಿದ್ಧರಾಮರನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಪೂಜ್ಯರು ಅದರ ಅನುಭಾವದ ಅರ್ಥವನ್ನು ಅನೇಕ ಸಲ ಬಿಡಿಸಿ ಹೇಳಿದ್ದಾರೆ, ಅದರಲ್ಲಿ ನಾನು ಕೈ ಹಾಕುವುದಿಲ್ಲ. ಆದರೆ ಎಂಜಿನಿಯರನ ಕಿವಿಗೆ ಪ್ರಭುದೇವರ ಕೆಣಕಿನಲ್ಲಿ ಇನ್ನೊಂದು ಪ್ರಶ್ನೆಯೂ ಕೇಳಿಸುತ್ತದೆ. ಕಟ್ಟಿದೆಯಪ್ಪಾ, ಸರಿ. ಮುಂದೆ?

ಈ ‘ಮುಂದೆ’ ಎಂಬ ಪ್ರಶ್ನೆಗೆ ಉತ್ತರ ಇಲ್ಲದಿರುವುದೇ ನಮ್ಮಂಥ ದೇಶಗಳ ದೊಡ್ಡ ಕಷ್ಟ.

ಅದೇ ಸೊಲ್ಲಾಪುರದ ಇನ್ನೊಂದು ಕಥೆ ಹೇಳುತ್ತೇನೆ. ನಮ್ಮ ಕಡೆ ‘ಬೋರಿಂಗು’ ಎಂದು ಕರೆಯುವ ಕೈಪಂಪಿನ ಕಥೆ. 1960ರ ದಶಕದ ಬರಗಾಲಗಳಲ್ಲಿ ತೋಡುಬಾವಿಗಳು ಬತ್ತಿದವು. ದಖ್ಖನಿನ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರಗಳು ಆಗ ನಮ್ಮಲ್ಲಿ ತೀರ ಕಡಿಮೆ. 1967ರ ಸುಮಾರಿನಿಂದ ಯುನಿಸೆಫ್ ಅಂಥ ಯಂತ್ರಗಳನ್ನು ತರಿಸಿಕೊಟ್ಟಿತು. ಕೊರೆದ ಬಾವಿಗಳ ಮೇಲೆ ಬೀಡುಕಬ್ಬಿಣದ ಪಂಪು ಕೂಡಿಸಿದರು. ಆ ಪಂಪುಗಳ ಮೂಲ ಮಾದರಿ ಯುರೋಪು, ಅಮೆರಿಕಗಳ ತೋಟದ ಮನೆಯದು. ಅಲ್ಲಿ ಒಂದು ಕುಟುಂಬ ದಿನಕ್ಕೆ ನಾಲ್ಕೈದು ಸಲ ಹ್ಯಾಂಡಲ್ ಒತ್ತುತ್ತಿತ್ತು. ನಮ್ಮ ಹಳ್ಳಿಯಲ್ಲಿ ನಸುಕಿನ ನಾಲ್ಕು ಗಂಟೆಗೆ ಶುರುವಾದರೆ ರಾತ್ರಿ ಮಲಗುವವರೆಗೆ ಇಡೀ ಓಣಿ ಅದರ ಮೇಲೆ. ಎಷ್ಟು ದಿನ ಬಂದೀತು? 1970ರ ದಶಕದ ನಡುವೆ ಸಮೀಕ್ಷೆ ಮಾಡಿದಾಗ ದೇಶದಲ್ಲಿ ಕೂಡಿಸಿದ್ದ ಪಂಪುಗಳಲ್ಲಿ ಮುಕ್ಕಾಲು ಪಾಲು ಕೆಟ್ಟು ನಿಂತಿದ್ದವು. ಸರ್ಕಾರದ ಲೆಕ್ಕದಲ್ಲಿ ಮಾತ್ರ ಆ ಊರುಗಳಿಗೆಲ್ಲ ನೀರು ಕೊಟ್ಟಾಗಿತ್ತು.

ಅದೇ ಹೊತ್ತಿಗೆ ಮಹಾರಾಷ್ಟ್ರದ ಜಾಲನಾ ಮತ್ತು ಸೊಲ್ಲಾಪುರಗಳಲ್ಲಿ ಬಾವಿ ಕೊರೆಯುವ ಕೆಲಸದಲ್ಲಿದ್ದವರು, ಪದೇ ಪದೇ ರಿಪೇರಿ ಮಾಡಿ ಬೇಸತ್ತು, ತಾವೇ ಉಕ್ಕಿನ ಪಂಪೊಂದನ್ನು ರೂಪಿಸಿಕೊಂಡಿದ್ದರು. ಈ ಸೊಲ್ಲಾಪುರ ಪಂಪನ್ನೇ ತಳಹದಿಯಾಗಿಟ್ಟುಕೊಂಡು ಕೇಂದ್ರ ಸರ್ಕಾರ, ಯುನಿಸೆಫ್ ಮತ್ತು ಮದ್ರಾಸಿನ ರಿಚರ್ಡ್‌ಸನ್ ಅಂಡ್ ಕ್ರೂಡಾಸ್ ಸೇರಿ ಇಂಡಿಯಾ ಮಾರ್ಕ್ ಎರಡು ಎಂಬ ಪಂಪನ್ನು ಸಿದ್ಧಪಡಿಸಿದರು. ಕೊಯಮತ್ತೂರಿನ ಸುತ್ತಮುತ್ತ ಪರೀಕ್ಷೆ ನಡೆಯಿತು. 1970ರ ದಶಕದ ಕೊನೆಗೆ ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿತು. ನೀವೆಲ್ಲ ಅದನ್ನು ನೋಡಿದ್ದೀರಿ, ಅದರ ನೀರು ಕುಡಿದಿದ್ದೀರಿ. ಹ್ಯಾಂಡಲಿನ ಒಳಗೆ ಧೂಳು ಹೊಗದಂತೆ ಮುಚ್ಚಿದ ಬಾಲ್ ಬೇರಿಂಗ್. ರಾಡನ್ನು ನೇರ ಮೇಲೆತ್ತಲು ಒಂದು ಚೈನು. ಕಾಲುಗಳು ಕಾಂಕ್ರೀಟಿನಲ್ಲಿ ಹುಗಿದಿರುವುದರಿಂದ ಪಂಪಿನ ಅಲುಗಾಟ ಕೊಳವೆಗೆ ತಟ್ಟುವುದಿಲ್ಲ. ನೂರೈವತ್ತು ಅಡಿ ಆಳದಿಂದಲೂ ಹತ್ತು ವರ್ಷದ ಹುಡುಗಿ ನೀರು ಎತ್ತಬಹುದು. ಇದರ ಮೇಲೆ ಯಾರ ಪೇಟೆಂಟೂ ಇಲ್ಲ. ನಮ್ಮ ಮಾನಕ ಸಂಸ್ಥೆ ಐ.ಎಸ್. 9301 ಎಂದು ಅಳತೆಗಳನ್ನು ಪ್ರಕಟಿಸಿದ ಮೇಲೆ ಯಾರು ಬೇಕಾದರೂ ಮಾಡಬಹುದು, ಒಬ್ಬರು ಮಾಡಿದ ಪಂಪಿಗೆ ಇನ್ನೊಬ್ಬರ ಬಿಡಿಭಾಗ ಕೂಡುತ್ತದೆ. ಜ್ಞಾನವನ್ನು ದಾಸೋಹ ಮಾಡುವುದು ಎಂದರೆ ಇದೇ ಎಂದು ನನಗೆ ಅನ್ನಿಸುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾವು ಎದೆ ತಟ್ಟಿಕೊಂಡು ಮನೆಗೆ ಹೋಗಬಹುದಿತ್ತು. ಒಳ್ಳೆಯ ಪಂಪೂ ಒಂದು ದಿನ ಕೆಡುತ್ತದೆ. ಸಿಲಿಂಡರಿನೊಳಗೆ ಒಂದು ವಾಷರ್ ಇರುತ್ತದೆ, ಮೊದಲು ಚರ್ಮದ್ದಿತ್ತು, ಆಮೇಲೆ ರಬ್ಬರಿನದು ಬಂತು. ಅದು ಸವೆದರೆ ನೀರು ಏರುವುದಿಲ್ಲ. ವಾಷರಿನ ಬೆಲೆ ಒಂದು ಚಹದ ಬೆಲೆ. ಆದರೆ ಅದನ್ನು ಬದಲಿಸಲು ಮಾರ್ಕ್ ಎರಡರಲ್ಲಿ ಪೈಪುಗಳನ್ನೆಲ್ಲ ಮೇಲೆತ್ತಬೇಕು. ನಾಲ್ಕೈದು ಆಳು, ಟ್ರೈಪಾಡ್, ಒಂದು ವಾಹನ ಬೇಕು. ತಮಿಳುನಾಡು ಮೂರು ಹಂತದ ವ್ಯವಸ್ಥೆ ಮಾಡಿತು: ಊರಿಗೊಬ್ಬ ನೋಡಿಕೊಳ್ಳುವವ, ಬ್ಲಾಕಿಗೊಬ್ಬ ಮೆಕ್ಯಾನಿಕ್, ಜಿಲ್ಲೆಗೆ ಒಂದು ಸಂಚಾರಿ ತಂಡ. ಕಾಗದದ ಮೇಲೆ ಚೆಂದ. ಜಿಲ್ಲೆಯ ವಾಹನಕ್ಕೆ ಡೀಸೆಲ್ ಇಲ್ಲದ ದಿನ ಮೂರೂ ಹಂತ ನಿಂತಿತು. ಈ ಸ್ಥಿತಿ ನಮ್ಮಲ್ಲೂ ಇತ್ತು. ಊರಿನವರು ಅರ್ಜಿ ಕೊಟ್ಟು, ಅರ್ಜಿಗೆ ಇನ್‌ವರ್ಡ್ ನಂಬರ್ ಬಿದ್ದು, ಅಂದಾಜು ಪಟ್ಟಿ ಆಗಿ, ಮಂಜೂರಾತಿ ಬಂದು, ತಂಡ ಹೊರಡುವ ಹೊತ್ತಿಗೆ ತಾಯಂದಿರು ಎರಡು ಮೈಲು ದೂರದ ಹಳ್ಳದಲ್ಲಿ ವರತಿ ತೋಡಿ ನೀರು ಹೊತ್ತು ತಿಂಗಳಾಗಿರುತ್ತಿತ್ತು. ಹದಿನೈದು ಲೀಟರಿನ ಕೊಡವೆಂದರೆ ಹದಿನೈದು ಕಿಲೋ ಭಾರ. ಕಂಕುಳಲ್ಲೊಂದು, ತಲೆಯ ಮೇಲೊಂದು. ಅಂದಾಜು ಪಟ್ಟಿಯಲ್ಲಿ ಈ ಭಾರಕ್ಕೆ ಒಂದು ಕಲಮು ಇರುವುದಿಲ್ಲ.

1980ರ ದಶಕದಲ್ಲಿ ಮತ್ತೆ ಕೊಯಮತ್ತೂರಿನಲ್ಲೇ ಪರೀಕ್ಷೆ ನಡೆಸಿ ಮಾರ್ಕ್ ಮೂರು ರೂಪಿಸಿದರು. ಪೈಪು ಸ್ವಲ್ಪ ದಪ್ಪ. ಅದರಿಂದ ಪೈಪು ಬಿಚ್ಚದೆಯೇ ಪಿಸ್ಟನ್ನನ್ನು ಒಳಗಿನಿಂದಲೇ ಮೇಲೆಳೆದುಕೊಳ್ಳಬಹುದು. ಇಬ್ಬರು ಸೇರಿ, ಎರಡು ಪಾನ ಇಟ್ಟುಕೊಂಡು, ಅರ್ಧ ದಿನದೊಳಗೆ ರಿಪೇರಿ. ರಿಪೇರಿಯನ್ನು ಜಿಲ್ಲಾ ಕಚೇರಿಯಿಂದ ಓಣಿಗೆ ಇಳಿಸಲೆಂದೇ ಮಾಡಿದ ವಿನ್ಯಾಸ ಅದು. ದೊಡ್ಡ ಅಣೆಕಟ್ಟಿಗಿಂತ ಇದನ್ನು ನಾನು ದೊಡ್ಡ ಎಂಜಿನಿಯರಿಂಗ್ ಎನ್ನುತ್ತೇನೆ. ನನ್ನ ಸಹೋದ್ಯೋಗಿಗಳು ಒಪ್ಪುವುದಿಲ್ಲ, ಇರಲಿ.

ಹಾಗಾದರೆ ಆ ಇಬ್ಬರು ಯಾರು? ಉತ್ತರ ಪ್ರದೇಶದ ಬಾಂದಾ ಕಡೆ, 1990ರ ದಶಕದ ಆರಂಭದಲ್ಲಿ, ಮಹಿಳಾ ಸಮಾಖ್ಯಾ ಎಂಬ ಕಾರ್ಯಕ್ರಮ ದಲಿತ ಮತ್ತು ಕೋಲ್ ಸಮುದಾಯದ ಹೆಣ್ಣುಮಕ್ಕಳಿಗೆ ಕೈಪಂಪು ರಿಪೇರಿ ಕಲಿಸಿತು. ಇದೇ ಸಮಾಖ್ಯಾ ನಮ್ಮ ವಿಜಾಪುರ, ಬೀದರಗಳಲ್ಲೂ ಕೆಲಸ ಮಾಡಿದೆ, ಇಲ್ಲಿರುವ ಹಿರಿಯ ತಾಯಂದಿರಿಗೆ ನೆನಪಿರಬಹುದು. ಬಾಂದಾದ ಆ ಹೆಣ್ಣುಮಕ್ಕಳಲ್ಲಿ ಅನೇಕರಿಗೆ ಓದು ಬರಹ ಬಾರದು. ಪಂಪಿನ ಭಾಗಗಳ ಹೆಸರು ಬರೆದುಕೊಳ್ಳಬೇಕೆಂಬ ಹಟಕ್ಕೆ ಬಿದ್ದು ಅಕ್ಷರ ಕಲಿತರು. ಈಗ ನೀವೇ ಯೋಚಿಸಿ. ಯಾವ ಕೇರಿಯವರು ಕೊಡ ಮುಟ್ಟಿದರೆ ನೀರು ಚೆಲ್ಲುತ್ತಿದ್ದರೋ ಅದೇ ಕೇರಿಯ ಹೆಣ್ಣುಮಗಳು ಪಾನ ಹಿಡಿದು ಊರ ನಡುವಿನ ಪಂಪು ಬಿಚ್ಚುತ್ತಾಳೆ. ನೀರು ಬೇಕೆಂದರೆ ಅವಳು ಮುಟ್ಟಲೇಬೇಕು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕದ ಮೂಲಕ ಏನು ಮಾಡಲು ಹೊರಟಿದ್ದರೋ ಅದು ಬಾಂದಾದಲ್ಲಿ, ಬಸವಣ್ಣನವರ ಹೆಸರು ಕೇಳದವರ ನಡುವೆ, ಒಂದು ವಾಷರಿನ ನೆಪದಲ್ಲಿ ನಡೆಯಿತು.

ನಮ್ಮ ಪಂಪು ಆಮೇಲೆ ಆಫ್ರಿಕಾಕ್ಕೆ ಹೋಯಿತು. ವಿಶ್ವಸಂಸ್ಥೆ 1981ರಿಂದ 1990ರವರೆಗೆ ಕುಡಿಯುವ ನೀರು ಮತ್ತು ನೈರ್ಮಲ್ಯದ ದಶಕ ಆಚರಿಸಿತು. ಘಾನಾ, ಮಾಲಿ, ಸುಡಾನ್, ಉಗಾಂಡಾ, ಹೀಗೆ ಹಲವು ದೇಶಗಳಲ್ಲಿ ಮಾರ್ಕ್ ಎರಡು ನಿಂತಿತು. ಉಗಾಂಡಾದಲ್ಲಿ ಇದರದೇ ಮಾದರಿಗೆ ಯು ಎರಡು ಎಂದು ಹೆಸರಿಟ್ಟರು. ಸೊನ್ನಲಿಗೆಯ ನೀರಿನ ಕಾಯಕ ಅಷ್ಟು ದೂರ ಮುಟ್ಟಿತು ಎಂದು ಹೆಮ್ಮೆಪಡಬಹುದು. ಆದರೆ 2009ರಲ್ಲಿ ಗ್ರಾಮೀಣ ನೀರು ಪೂರೈಕೆಯ ಅಂತರರಾಷ್ಟ್ರೀಯ ಜಾಲವೊಂದು ಸಹಾರಾದ ದಕ್ಷಿಣದ 20 ದೇಶಗಳ ಅಂಕಿ ಅಂಶ ಕೂಡಿಸಿದಾಗ, ಕೈಪಂಪುಗಳಲ್ಲಿ ನೂರಕ್ಕೆ 36 ಕೆಲಸ ಮಾಡುತ್ತಿರಲಿಲ್ಲ.

ಯಾಕೆ? ಒಂದು ಕಾರಣ ಶುದ್ಧ ರಸಾಯನಶಾಸ್ತ್ರದ್ದು. ಪಶ್ಚಿಮ ಆಫ್ರಿಕಾದ ಹಲವು ಕಡೆ ಅಂತರ್ಜಲದಲ್ಲಿ ಸ್ವಲ್ಪ ಹುಳಿಯ ಗುಣ. ನಮ್ಮ ಜಿಂಕ್ ಲೇಪನದ ಕಬ್ಬಿಣದ ಪೈಪು ಆ ನೀರಿನಲ್ಲಿ ತುಕ್ಕು ಹಿಡಿದು ತೂತು ಬೀಳುತ್ತದೆ. ನೀರು ಕೆಂಪಗೆ ಬರುತ್ತದೆ, ಬಟ್ಟೆ ಒಗೆದರೆ ಕಲೆ, ಅಡುಗೆಗೆ ವಾಸನೆ. ಹೆಂಗಸರು ಅದನ್ನು ಬಿಟ್ಟು ಹಳೆಯ ಹೊಂಡಕ್ಕೇ ವಾಪಸಾದರು. ಹೊರಗಿನಿಂದ ಬಂದ ತಜ್ಞರು ಅದಕ್ಕೆ ಅಜ್ಞಾನ ಎಂದು ಹೆಸರಿಟ್ಟರು. ಆ ತಾಯಂದಿರ ನಾಲಗೆ ಸರಿಯಾಗಿಯೇ ಹೇಳಿತ್ತು, ತಪ್ಪು ಪೈಪಿನದು. ಇನ್ನೊಂದು ಕಾರಣ ದಾನಿಗಳದು. ಒಂದು ದೇಶ ಒಂದು ಕಂಪನಿಯ ಪಂಪು ಕೊಟ್ಟರೆ ಇನ್ನೊಂದು ದೇಶ ಇನ್ನೊಂದನ್ನು. ಒಂದರ ಬೋಲ್ಟು ಇನ್ನೊಂದಕ್ಕೆ ಕೂಡದು. ಬಿಡಿಭಾಗದ ಅಂಗಡಿ ರಾಜಧಾನಿಯಲ್ಲಿ, ಪಂಪು ಮುನ್ನೂರು ಕಿಲೋಮೀಟರ್ ಆಚೆ. ಎಲ್ಲಕ್ಕಿಂತ ದೊಡ್ಡ ಕಾರಣ, ಯೋಜನೆಯ ಹಣ ಪಂಪು ನಿಲ್ಲಿಸುವವರೆಗೆ ಮಾತ್ರ. ‘ಇನ್ನು ಇದು ನಿಮ್ಮದು, ನೀವೇ ನೋಡಿಕೊಳ್ಳಿ’ ಎಂದು ಊರಿನವರ ಕೈಗೆ ಒಪ್ಪಿಸಿ, ಫೋಟೋ ತೆಗೆದುಕೊಂಡು ಹೋದರು. ಹಣವೂ ಇಲ್ಲ, ಪಾನವೂ ಇಲ್ಲ, ಕಲಿತವನೂ ಇಲ್ಲ. ಇದಕ್ಕೆ ಸಮುದಾಯದ ಪಾಲ್ಗೊಳ್ಳುವಿಕೆ ಎನ್ನುತ್ತಾರೆ.

ದಾರಿ ತೋರಿದವರೂ ಅಲ್ಲೇ ಇದ್ದಾರೆ. ಕೀನ್ಯಾದ ಕ್ಯೂಸೋ ಎಂಬ ಒಣ ಪ್ರದೇಶದಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ಪಂಪಿನ ಹ್ಯಾಂಡಲಿನೊಳಗೆ ಮೊಬೈಲ್ ಸಂದೇಶ ಕಳಿಸುವ ಪುಟ್ಟ ಸಾಧನ ಇಟ್ಟರು. ಹ್ಯಾಂಡಲ್ ಆಡುವುದು ನಿಂತರೆ ಕಚೇರಿಗೆ ತಿಳಿಯುತ್ತದೆ, ಮೋಟಾರ್ ಸೈಕಲ್ ಮೇಲೆ ಮೆಕ್ಯಾನಿಕ್ ಹೊರಡುತ್ತಾನೆ. ನಾಲ್ಕು ವಾರದ ಹತ್ತಿರ ಕೆಟ್ಟು ನಿಲ್ಲುತ್ತಿದ್ದ ಪಂಪುಗಳು ಮೂರು ದಿನದೊಳಗೆ ರಿಪೇರಿಯಾಗತೊಡಗಿದವು. ಸಾಧನ ಎಲೆಕ್ಟ್ರಾನಿಕ್ ಎಂದು ಬೆರಗಾಗುವುದು ಬೇಡ. ಆ ಮೋಟಾರ್ ಸೈಕಲ್ಲಿಗೆ ಪೆಟ್ರೋಲು, ಆ ಮೆಕ್ಯಾನಿಕ್‌ಗೆ ಸಂಬಳ ತಿಂಗಳು ತಿಂಗಳು ಇತ್ತು. ಕೆಲಸ ಮಾಡಿದ್ದು ಅದು.

ಬಸವಣ್ಣನವರು ಸ್ಥಾವರ ಮತ್ತು ಜಂಗಮದ ಭೇದ ಮಾಡಿದ್ದು ನಮಗೆ ಕಂಠಪಾಠ. ಗುಡಿಗೂ ಜೀವಂತ ಭಕ್ತಿಗೂ ಇರುವ ವ್ಯತ್ಯಾಸ ಅದು. ನನಗೆ ಸೇವೆಯಲ್ಲಿದ್ದಷ್ಟು ದಿನ ಈ ಎರಡು ಮಾತು ಇಲಾಖೆಯ ಕಡತದಲ್ಲೂ ಕಾಣಿಸುತ್ತಿತ್ತು. ಟ್ಯಾಂಕು ಸ್ಥಾವರ, ಪೈಪು ಸ್ಥಾವರ. ಹೆಗಲಿಗೆ ಚೀಲ ಹಾಕಿಕೊಂಡು ವಾಲ್ವ್ ತಿರುಗಿಸುತ್ತ ಓಣಿ ಓಣಿ ನಡೆಯುವವನು ಜಂಗಮ. ಜಗತ್ತು ಎಣಿಸುವುದು ಸ್ಥಾವರವನ್ನು. 2012ರಲ್ಲಿ ವಿಶ್ವಸಂಸ್ಥೆ, ಕುಡಿಯುವ ನೀರಿನ ಸಹಸ್ರಮಾನದ ಗುರಿಯನ್ನು 2010ರಲ್ಲೇ ಮುಟ್ಟಿದ್ದೇವೆ ಎಂದು ಸಾರಿತು. ಆ ಲೆಕ್ಕದಲ್ಲಿ ಎಣಿಸಿದ್ದು ನೀರಿನ ಮೂಲ ಯಾವ ಬಗೆಯದು ಎಂಬುದನ್ನು. ನೀರು ಶುದ್ಧವೇ ಎಂದು ಆ ಎಣಿಕೆ ನೋಡಲಿಲ್ಲ. ಮುಂದೆ ಅಳತೆಗೋಲು ಬಿಗಿ ಮಾಡಿ, ಮನೆಯಲ್ಲೇ, ಬೇಕಾದಾಗ, ಶುದ್ಧ ನೀರು ಸಿಗಬೇಕು ಎಂದಾಗ, 2022ರಲ್ಲೂ ಜಗತ್ತಿನ 220 ಕೋಟಿ ಜನರಿಗೆ ಅದು ಇರಲಿಲ್ಲ.

ನೀರು ಬಂದರೂ ಸಾಲದು, ಅದನ್ನು ನೋಡುತ್ತಲೇ ಇರಬೇಕು ಎಂಬುದಕ್ಕೆ ಬಾಂಗ್ಲಾದೇಶಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಕೆರೆ ಹೊಂಡದ ನೀರು ಕುಡಿದು ಮಕ್ಕಳು ವಾಂತಿ ಭೇದಿಯಿಂದ ಸಾಯುತ್ತಿದ್ದ ದೇಶ. ಹಾಗಾಗಿ ಲಕ್ಷಾಂತರ ಕೊಳವೆಬಾವಿ ಹಾಕಿದರು. ಉದ್ದೇಶ ಒಳ್ಳೆಯದೇ. ಆದರೆ 1993ರಲ್ಲಿ ಆ ಬಾವಿಗಳ ನೀರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇರುವುದು ಖಚಿತವಾಯಿತು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಟ್ಟಲೆ ಕುಡಿದ ಮೇಲೆ ಅಂಗೈ ಅಂಗಾಲು ಗಂಟು ಕಟ್ಟುತ್ತವೆ, ಆಮೇಲೆ ಕ್ಯಾನ್ಸರ್. 2000ದಿಂದೀಚೆಗೆ ಮೂರ್ನಾಲ್ಕು ವರ್ಷ ಸುಮಾರು 50 ಲಕ್ಷ ಬಾವಿ ಪರೀಕ್ಷಿಸಿ, ಕೆಟ್ಟದ್ದಕ್ಕೆ ಕೆಂಪು, ಒಳ್ಳೆಯದಕ್ಕೆ ಹಸಿರು ಬಣ್ಣ ಬಳಿದರು. ಸುಮಾರು 14 ಲಕ್ಷ ಬಾವಿಗೆ ಕೆಂಪು ಬಿತ್ತು. ಬಹಳ ದೊಡ್ಡ ಕೆಲಸ. ಬರಬರುತ್ತ ಬಣ್ಣ ಮಾಸಿತು. ಹೊಸ ಬಾವಿಗಳು ಬಂದವು, ಅವನ್ನು ಪರೀಕ್ಷಿಸುವವರು ಬರಲಿಲ್ಲ. ನಮ್ಮ ಮುಂಡರಗಿ, ಪಾವಗಡದ ಕಡೆ ಫ್ಲೋರೈಡಿನಿಂದ ಹಲ್ಲು ಕಂದಾದ ಮಕ್ಕಳನ್ನು, ಬೆನ್ನು ಬಾಗಿದ ಮುದುಕರನ್ನು ಕಂಡವರಿಗೆ ಇದು ದೂರದ ಕಥೆಯಲ್ಲ. ಶುದ್ಧ ನೀರಿನ ಘಟಕ ಹಾಕಿದ್ದೇವೆ, ಕಾಯಿನ್ ಹಾಕಿದರೆ ಕ್ಯಾನು ತುಂಬುತ್ತದೆ. ಮೆಂಬ್ರೇನ್ ಕೆಟ್ಟ ದಿನ ಬೀಗ ಬೀಳುತ್ತದೆ. ಎಷ್ಟೋ ಊರಲ್ಲಿ ಆ ಬೀಗಕ್ಕೂ ತುಕ್ಕು ಹಿಡಿದಿರುವುದನ್ನು ನಾನೇ ನೋಡಿದ್ದೇನೆ.

ಈಗ ನಮ್ಮ ಊರಿಗೆ ಬರೋಣ. 2019ರ ಆಗಸ್ಟ್ 15ರಂದು ಜಲ ಜೀವನ ಮಿಷನ್ ಘೋಷಣೆಯಾದಾಗ ದೇಶದ ಹಳ್ಳಿಗಳಲ್ಲಿ ನಲ್ಲಿ ಇದ್ದ ಮನೆಗಳು ಮೂರೂಕಾಲು ಕೋಟಿಯಷ್ಟು. ಇಂದು ಹದಿನೈದು ಕೋಟಿ ದಾಟಿದೆ. ನಮ್ಮಲ್ಲಿ ಇದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರು. ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಪೈಪು ಹುಗಿದದ್ದು ಸಣ್ಣ ಮಾತಲ್ಲ. ತಲೆಗೆ ದಿನಕ್ಕೆ 55 ಲೀಟರ್ ಎಂಬುದು ಗುರಿ. ಇನ್ನು ಹತ್ತು ವರ್ಷಕ್ಕೆ ಈ ಪೈಪುಗಳ ಗತಿ 1974ರ ಕೈಪಂಪುಗಳದೇ ಆಗಬೇಕೆ, ಬೇಡವೆ ಎಂಬುದು ಈಗ ನಮ್ಮ ಮುಂದಿದೆ.

ಒಂದು ಲೆಕ್ಕ ಮಾಡೋಣ. ಐದು ಜನರ ಮನೆಗೆ ದಿನಕ್ಕೆ 275 ಲೀಟರ್, ತಿಂಗಳಿಗೆ 8,250 ಲೀಟರ್. ಪಂಚಾಯಿತಿ ತಿಂಗಳಿಗೆ 100 ರೂಪಾಯಿ ನೀರಿನ ಕರ ಹಾಕಿದರೆ ಲೀಟರಿಗೆ ಒಂದು ಪೈಸೆ ಚಿಲ್ಲರೆ ಬೀಳುತ್ತದೆ. 400 ಮನೆಯ ಊರಾದರೆ ತಿಂಗಳಿಗೆ 40,000 ರೂಪಾಯಿ. ಅದರಲ್ಲಿ ನೀರುಗಂಟಿಯ ಸಂಬಳ, ಕ್ಲೋರಿನ್ ಪುಡಿ, ವಾಲ್ವು, ಸುಟ್ಟ ಮೋಟಾರಿನ ರಿವೈಂಡಿಂಗ್, ಇಷ್ಟಾದರೂ ತೂಗಿಸಬಹುದು. ಆದರೆ ಕರ ಕಟ್ಟುವವರು ಎಷ್ಟು ಮನೆ? ಜಾತ್ರೆಗೆ ವಂತಿಗೆ ಕೇಳಿದರೆ ಮರುದಿನವೇ ಕೊಡುವ ಮನೆ ನೀರಿನ ಕರ ಐದು ವರ್ಷದಿಂದ ಉಳಿಸಿಕೊಂಡಿರುತ್ತದೆ. ಒಂದು ಲೀಟರ್ ಬಾಟಲಿಗೆ ದುಡ್ಡು ಎಣಿಸಿ ಕೊಡುವಾಗ ನಾವು ಪ್ರಶ್ನೆ ಕೇಳುವುದಿಲ್ಲ.

ನೀರುಗಂಟಿಯ ಮಾತು ಬಂತು. ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯ ತೂಬು ಎತ್ತಿ ಗದ್ದೆಗೆ ನೀರು ಹಂಚುತ್ತಿದ್ದವನ ಹೆಸರು ಅದು. ಬಹುಪಾಲು ದಲಿತರು. ಅವರಿಗೆ ಮಾನ್ಯದ ಭೂಮಿ ಇತ್ತು. ಇಂದು ಅದೇ ಹೆಸರಿನಲ್ಲಿ ಪಂಚಾಯಿತಿಯ ನೌಕರ ಇದ್ದಾನೆ. ನಮ್ಮ ಕಡೆ ವಾಟರ್‌ಮನ್ ಎನ್ನುತ್ತಾರೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ ಏಳಬೇಕು. ನೀರು ಬಾರದಿದ್ದರೆ ಬೈಗಳು ಅವನಿಗೆ, ಬಂದರೆ ಫ್ಲೆಕ್ಸು ಬೇರೆಯವರಿಗೆ. ಅವನ ಸಂಬಳ ನಾಲ್ಕೈದು ತಿಂಗಳು ನಿಂತ ಊರುಗಳಿಗೆ ಲೆಕ್ಕವಿಲ್ಲ. ಕಾಯಕ ಜೀವಿಗಳ ಬಗ್ಗೆ ನಾವು ಇಷ್ಟೊಂದು ಉಪನ್ಯಾಸ ಮಾಡುತ್ತೇವೆ. ನಮ್ಮ ಊರ ನೀರುಗಂಟಿಯ ಹೆಸರು ಇಲ್ಲಿ ಕೂತವರಲ್ಲಿ ಎಷ್ಟು ಜನಕ್ಕೆ ಗೊತ್ತು?

ಇನ್ನು ಹೇಳುವುದು ಸ್ವಲ್ಪ ಖಾರವಾಗುತ್ತದೆ, ಪೂಜ್ಯರ ಅಪ್ಪಣೆ ಇದೆ ಎಂದುಕೊಂಡಿದ್ದೇನೆ. ಪೈಪಿನಲ್ಲಿ ನೀರು ಟ್ಯಾಂಕಿನಿಂದ ದೂರ ಹೋದಷ್ಟೂ ಒತ್ತಡ ಕಳೆದುಕೊಳ್ಳುತ್ತದೆ. ಕೊನೆಯ ಮನೆಗೆ ತೊಟ್ಟಿಕ್ಕುತ್ತದೆ. ನಮ್ಮ ಹಳ್ಳಿಗಳಲ್ಲಿ ಕೊನೆ ಎಂದರೆ ಸಾಮಾನ್ಯವಾಗಿ ಕೇರಿ. ಇದು ಸಾಲದು ಎಂಬಂತೆ ಮಧ್ಯದ ಮನೆಗಳವರು ನಲ್ಲಿಗೆ ನೇರ ಮೋಟಾರು ಹಚ್ಚಿ ಎಳೆಯುತ್ತಾರೆ. ಎಂಥ ಮನೆಗಳು? ಮೇಲೆ ಸಿಂಟೆಕ್ಸ್ ಇರುವ, ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತ, ಪಡಸಾಲೆಯಲ್ಲಿ ಬಸವಣ್ಣನವರ ಫೋಟೋ ಇರುವ ಮನೆಗಳು. ನಮ್ಮವೇ. ಮೋಟಾರು ಎಳೆದಾಗ ಕೊನೆಯ ಮನೆಗೆ ನೀರು ನಿಲ್ಲುವುದು ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಆಗ ಸಡಿಲಾದ ಜೋಡಣೆಗಳಲ್ಲಿ ನೀರು ಹೊರಗೆ ಸೋರುವ ಬದಲು ಚರಂಡಿಯ ಕೊಚ್ಚೆ ಒಳಗೆ ಹೀರಿಕೊಳ್ಳುತ್ತದೆ. ಮಳೆಗಾಲದ ಮೊದಲ ವಾರ ಊರಿನಲ್ಲಿ ವಾಂತಿ ಭೇದಿ ಕಾಣಿಸಿದರೆ ಟ್ಯಾಂಕು ತೊಳೆಸಿ ಫೋಟೋ ಹಾಕುತ್ತಾರೆ. ನಾನು ಹೋದಲ್ಲೆಲ್ಲ ಮೊದಲು ಎಣಿಸುತ್ತಿದ್ದದ್ದು ನಲ್ಲಿಗೆ ಹಚ್ಚಿದ ಮೋಟಾರುಗಳನ್ನು. ಕೇರಿಯ ಮಗು ಕುಡಿಯುವ ನೀರಿಗೆ ಚರಂಡಿ ಬೆರೆಸುವ ಯಂತ್ರವನ್ನು ಮನೆಯಲ್ಲಿಟ್ಟುಕೊಂಡು ಇಷ್ಟಲಿಂಗ ಪೂಜೆಗೆ ಅದೇ ನೀರಿನಲ್ಲಿ ಮಜ್ಜನ ಮಾಡುತ್ತೇವೆ. ಅಸ್ಪೃಶ್ಯತೆ ಹೋಯಿತು ಎನ್ನುವವರು ಈ ಪೈಪಿನ ನಕ್ಷೆಯನ್ನು ಒಮ್ಮೆ ನೋಡಬೇಕು.

ಇದಕ್ಕೆ ಮಠಗಳು ಏನು ಮಾಡಬೇಕು ಎಂದು ಕೇಳುತ್ತೀರಿ. ಸರ್ಕಾರದ ಕೆಲಸ ಮಠ ಮಾಡಬೇಕೆಂದು ನಾನು ಹೇಳುವುದಿಲ್ಲ. ಆದರೆ ಒಂದು ವಿದ್ಯೆ ಸರ್ಕಾರಕ್ಕಿಂತ, ವಿಶ್ವಬ್ಯಾಂಕಿಗಿಂತ ಮಠಗಳಿಗೆ ಚೆನ್ನಾಗಿ ಗೊತ್ತು. ದಾಸೋಹ. ದಾಸೋಹಕ್ಕೆ ಉದ್ಘಾಟನೆಯ ಕಲ್ಲು ಇರುವುದಿಲ್ಲ. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಿನ್ನೆ ಬೇಯಿಸಿದ್ದು ಇವತ್ತಿಗೆ ಆಗುವುದಿಲ್ಲ, ಇವತ್ತು ಮತ್ತೆ ಒಲೆ ಹಚ್ಚಬೇಕು. ದಾಸೋಹದ ಉಗ್ರಾಣ ನೋಡಿಕೊಳ್ಳುವವರಿಗೆ ಮುಂದಿನ ತಿಂಗಳಿಗೆ ಎಷ್ಟು ಜೋಳ, ಎಷ್ಟು ಬೇಳೆ, ಎಷ್ಟು ಉರುವಲು ಎಂಬುದು ಬಾಯಲ್ಲೇ ಇರುತ್ತದೆ. ನಮ್ಮ ಭಾಗದಲ್ಲಿ ಪ್ರಸಾದ ನಿಲಯಗಳಿಗಾಗಿ ತಾಯಂದಿರು ಅಡುಗೆಗೆ ಮೊದಲು ಒಂದು ಮುಷ್ಟಿ ಕಾಳು ತೆಗೆದಿಡುತ್ತಿದ್ದರು. ಒಂದೇ ಸಲ ಚೀಲ ಕೊಟ್ಟು ಫಲಕ ಹಾಕಿಸಿಕೊಳ್ಳುವುದಕ್ಕಿಂತ ಅದು ಬೇರೆ. ದಿನವೂ ಒಂದು ಮುಷ್ಟಿ. ಅಷ್ಟರಿಂದ ಎಷ್ಟು ಬಡ ಹುಡುಗರು ಓದಿ ಮುಂದೆ ಬಂದರು! ನನ್ನ ವಯಸ್ಸಿನವರಲ್ಲಿ ಆ ಪ್ರಸಾದ ಉಂಡವರು ಇಲ್ಲೇ ಎಷ್ಟೋ ಜನ ಇದ್ದೀರಿ.

ಇತ್ತೀಚೆಗೆ ಮಠಗಳು ಕೆರೆ ಹಳ್ಳಗಳ ಹೂಳೆತ್ತಿಸುತ್ತಿವೆ. ಕೊಪ್ಪಳದ ಗವಿಮಠದ ಪೂಜ್ಯರು 2019ರಲ್ಲಿ ಹಿರೇಹಳ್ಳದ ಕೆಲಸಕ್ಕೆ ತಾವೇ ನಿಂತರು, ಜನ ಹಿಂದೆ ನಿಂತರು. ಈ ಜನಶಕ್ತಿ ಯಾವ ಇಲಾಖೆಗೂ ಇಲ್ಲ. ಅದರಲ್ಲಿ ಒಂದು ಪಾಲು ನೀರು ನಡೆಸುವ ಕಡೆಗೂ ತಿರುಗಲಿ ಎಂಬುದು ನನ್ನ ಬೇಡಿಕೆ. ಭಕ್ತರು ಮಠಕ್ಕೆ ಕಲ್ಯಾಣ ಮಂಟಪ ಕಟ್ಟಿಸಿಕೊಡುತ್ತಾರೆ, ಮಹಾದ್ವಾರ ಕಟ್ಟಿಸುತ್ತಾರೆ. ಬೇರಿಂಗಿಗೆ ದಾನ ಕೊಟ್ಟವರನ್ನು ನಾನು ಇದುವರೆಗೆ ಕಂಡಿಲ್ಲ. ಮಠದ ಐಟಿಐಗಳಲ್ಲಿ ಓದುವ ಹುಡುಗ ಹುಡುಗಿಯರಿಗೆ ಮೋಟಾರು, ವಾಲ್ವು, ಕ್ಲೋರಿನ್ ಪರೀಕ್ಷೆ ಕಲಿಸಿ ಸುತ್ತಲಿನ ಹತ್ತು ಊರಿಗೆ ಕಳಿಸಬಹುದು. ಮಠದ ಒಂದು ಕೋಣೆಯಲ್ಲಿ ಬಿಡಿಭಾಗದ ಕಪಾಟು ಇಡಬಹುದು, ಪಂಚಾಯಿತಿಗಳು ಒಯ್ದು ಆಮೇಲೆ ದುಡ್ಡು ಕಟ್ಟಲಿ. ಊರಿನ ನೀರಿನ ಪರೀಕ್ಷೆಯ ವರದಿಯನ್ನು ಶಿವಾನುಭವ ಗೋಷ್ಠಿಯಲ್ಲಿ ಓದಬಹುದು. ಹಳ್ಳಿಗೆ ಐದು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು ತರಬೇತಿ ಕೊಡಬೇಕೆಂದು ಯೋಜನೆಯಲ್ಲೇ ಇದೆ, ಆ ಐವರು ನಿಮ್ಮ ಊರಿನಲ್ಲಿ ಯಾರು ಎಂದು ಮೊದಲು ಕೇಳಿ. ಇನ್ನು ನಲ್ಲಿಗೆ ಹಚ್ಚಿದ ಮೋಟಾರಿಗೆ ಯಾವ ತರಬೇತಿಯೂ, ಅನುದಾನವೂ ಬೇಡ. ಇವತ್ತು ಮನೆಗೆ ಹೋಗಿ ಬಿಚ್ಚಿದರಾಯಿತು. ನಲ್ಲಿಯ ಕೆಳಗೆ ನೆಲಮಟ್ಟದಲ್ಲಿ ಒಂದು ಸಣ್ಣ ತೊಟ್ಟಿ ಕಟ್ಟಿಸಿ, ತಾನಾಗಿ ಬಂದು ತುಂಬಿದ ನೀರನ್ನು ಅಲ್ಲಿಂದ ಮೇಲಕ್ಕೆ ಏರಿಸಿಕೊಳ್ಳಿ. ಅದಕ್ಕೆ ಯಾರ ತಕರಾರೂ ಇಲ್ಲ.

ನನ್ನ ಸಮಯ ಮುಗಿಯುತ್ತ ಬಂತು, ಪ್ರಸಾದದ ವಾಸನೆಯೂ ಬರುತ್ತಿದೆ. ಹೊರಗೆ ಚಪ್ಪರದ ಪಕ್ಕದ ಮೇಜಿನ ಮೇಲೆ ಮಾರ್ಕ್ ಎರಡರ ಒಂದು ಹಳೆಯ ಸಿಲಿಂಡರು, ನಾಲ್ಕು ವಾಷರು, ಎರಡು ಪೈಪು ಪಾನ ತಂದಿಟ್ಟಿದ್ದೇನೆ. ಪ್ರಸಾದ ಆದ ಮೇಲೆ ಬನ್ನಿ, ಬಿಚ್ಚಿ ಕೂಡಿಸುವುದನ್ನು ತೋರಿಸುತ್ತೇನೆ, ನೀವೇ ಮಾಡಿ ನೋಡಿ. ಕೈಗೆ ಗ್ರೀಸು ಹತ್ತುತ್ತದೆ, ಸೀಮೆಎಣ್ಣೆ ಹಾಕಿ ಒರೆಸಿದರೆ ಹೋಗುತ್ತದೆ. ತಾಯಂದಿರು ಹಿಂದೆ ನಿಲ್ಲಬೇಡಿ, ಮೊದಲು ನೀವು ಬನ್ನಿ. ನೀರಿನ ಕರದ ಬಗ್ಗೆ ಜಗಳ ಆಡುವವರಿದ್ದರೆ ಅವರಿಗೂ ಅಲ್ಲೇ ಸಿಗುತ್ತೇನೆ.